ಮೂರನೆಯ ಸಲ ಕೇಳುವ ಮೊದಲು

"ಕೆಳಗಿನಿಂದ ಬರೆದರೆ ಏನು, ಆಕಾಶ ಕಳಚಿ ಬೀಳುತ್ತಾ?"

ಅವನು ಕೇಳಿದ್ದು ಯಾರನ್ನೂ ಅಲ್ಲ, ಎದುರಿಗಿದ್ದ ಕಪ್ಪುಹಲಗೆಯನ್ನು. ತರಗತಿಯಲ್ಲಿ ತಾನೊಬ್ಬನೇ ಎಂದುಕೊಂಡಿದ್ದ.

ಬಾಗಿಲಲ್ಲಿ ನಿಂತಿದ್ದ ಅವಳಿಗೆ ನಗು ತಡೆಯಲಾಗಲಿಲ್ಲ. "ಆಕಾಶ ಬೀಳಲ್ಲ, ಟೀಚರಮ್ಮ ಬೀಳ್ತಾರೆ, ನಿಮ್ಮ ಮೇಲೆ! ಚೀನೀ ಅಕ್ಷರ ಮೇಲಿಂದ ಕೆಳಕ್ಕೇ ಇಳೀಬೇಕು."

ಅವನು ಬೆಚ್ಚಿ ತಿರುಗಿದ. ಬೆರಳ ತುದಿಯಲ್ಲೆಲ್ಲ ನೀಲಿ ಬಣ್ಣ.

"ನಾನು ಹೂ ಬರೆಯೋನು ಕಣ್ರೀ. ಹೂವು ಬುಡದಿಂದ ತಾನೇ ಮೇಲೇಳೋದು?"

ಅವಳು ಅವನ ಕಣ್ಣುಗಳನ್ನು ನೋಡುತ್ತ ನಿಂತುಬಿಟ್ಟಳು...

ಇಬ್ಬರೂ ಒಂದೇ ಪಿಂಗಾಣಿ ಕಾರ್ಖಾನೆಯವರು. ಅವಳು ಮೇಲಿನ ಕಚೇರಿಯಲ್ಲಿ, ಅವನು ಕೆಳಗೆ ಲೋಟಗಳ ಮೇಲೆ ಚಿತ್ತಾರ ಬರೆಯುವ ಕೊಠಡಿಯಲ್ಲಿ. ಚೀನಾದವರ ಜೊತೆ ವ್ಯವಹಾರ ಕುದುರತೊಡಗಿದ್ದೇ ತಡ, ಯಜಮಾನರು ಇಬ್ಬರನ್ನೂ ಸಂಜೆಯ ಪಾಠಕ್ಕೆ ಕಳಿಸಿದ್ದರು.

ಬೆಳಗಿನ ಜಾವ ತಾತ ರಾಗವಾಗಿ ಪದ್ಯ ಓದುವುದನ್ನು ಕೇಳುತ್ತ ಬೆಳೆದವಳು ಅವಳು. ಸ್ವರ ತಪ್ಪಿದರೆ ಅರ್ಥವೇ ಬದಲಾಗುವ ಆ ಭಾಷೆಯ ನಾಲ್ಕು ಸ್ವರಗಳ ಏರಿಳಿತ ಅವಳ ಕಿವಿಗೆ ಬೇಗ ಒಲಿಯಿತು, ಆದರೆ ಅಕ್ಷರ ಬರೆದರೆ ಕಾಗೆ ಕಾಲು! ಅವನ ಕುಂಚದಲ್ಲಿ ಅಕ್ಷರ ಅರಳುತ್ತಿತ್ತು, ನಾಲಿಗೆ ಮಾತ್ರ ಮರದ ತುಂಡು. ಅವಳು ಅವನ ಸ್ವರ ತಿದ್ದಿದಳು, ಅವನು ಅವಳ ಗೆರೆ ತಿದ್ದಿದ.

"ಕಿವಿರಾಣಿ, ಕುಂಚಪ್ಪ! ನಿಮ್ಮಿಬ್ಬರನ್ನೂ ಸೇರಿಸಿದ್ರೆ ಒಬ್ಬ ಪೂರ್ತಿ ವಿದ್ಯಾರ್ಥಿ ಆಗ್ತಾನೆ," ಎಂದು ಟೀಚರಮ್ಮ ಚುಡಾಯಿಸುತ್ತಿದ್ದರು.

"ಸೇರಿಸಿ ನೋಡಿ ಮೇಡಂ," ಎಂದುಬಿಟ್ಟ ಅವನು ಒಂದು ದಿನ. ಅವಳು ಪುಸ್ತಕದಲ್ಲಿ ಮುಖ ಮುಚ್ಚಿಕೊಂಡಳು.

ಭಾಷೆಯ ಜೊತೆಗೆ ಟೀಚರಮ್ಮ ಅಲ್ಲಿನ ಮರ್ಯಾದೆಯನ್ನೂ ಹೇಳಿಕೊಡುತ್ತಿದ್ದರು. ಹಿರಿಯರು ಏನಾದರೂ ಕೊಡಲು ಬಂದರೆ ತಟ್ಟನೆ ಕೈ ಚಾಚಬಾರದು. ಒಂದು ಸಲ ಬೇಡ ಅನ್ನಬೇಕು, ಇನ್ನೊಂದು ಸಲವೂ ಬೇಡ ಅನ್ನಬೇಕು. ಮೂರನೆಯ ಸಲ ಒತ್ತಾಯಿಸಿದಾಗ ಎರಡೂ ಕೈಯಲ್ಲಿ ತೆಗೆದುಕೊಳ್ಳಬೇಕು.

ಚೀನಾದಿಂದ ಪಿಂಗಾಣಿ ಸುಡುವ ಗೂಡಿನ ಒಡತಿಯೊಬ್ಬರು ಕಾರ್ಖಾನೆ ನೋಡಲು ಬಂದರು. ನರೆತ ಕೂದಲಿನ, ಚುರುಕು ಕಣ್ಣಿನ ಹೆಂಗಸು. ಅವನು ಹೂ ಬರೆದಿದ್ದ ಲೋಟವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ನನ್ನ ಗೂಡಿಗೆ ಬಾ. ಎರಡು ವರ್ಷ ಇದ್ದು ನಮ್ಮ ಹಳೆಯ ಕೆಲಸ ಕಲಿ," ಎಂದರು. ಭಾಷಾಂತರ ಅವಳದೇ.

ಅವನ ಮುಖ ಹೇಗೆ ಬೆಳಗಿತು ಎಂದು ಅವಳು ಕಂಡಳು. ಆದರೂ ಕಲಿತಿದ್ದನ್ನು ಮರೆಯದೆ, ತಲೆ ಬಾಗಿಸಿ ಚೀನೀಯಲ್ಲೇ ಬೇಡವೆಂದ. ಅವರು ಮತ್ತೆ ಕರೆದರು. ಮತ್ತೆ ಬೇಡವೆಂದ. ಮೂರನೆಯ ಕರೆಗಾಗಿ ಕಾಯುತ್ತ ನಿಂತ.

ಒಡತಿ ಅವಳ ಕಡೆ ತಿರುಗಿ ಬೇಗಬೇಗ ಕೇಳಿದರು. "ಇವನಿಗೆ ನಿಜಕ್ಕೂ ಬೇಡವೋ, ಇಲ್ಲ ಮರ್ಯಾದೆಗೆ ಹೇಳುತ್ತಿದ್ದಾನೋ?"

ಆ ವೇಗದ ಮಾತು ಅವನಿಗೆ ತಿಳಿಯಲಿಲ್ಲ. ಅವಳಿಗೆ ತಿಳಿಯಿತು.

'ಎರಡು ವರ್ಷ... ಪಕ್ಕದ ಕುರ್ಚಿ ಖಾಲಿ...'

"ಅವರಿಗೆ ನಿಜಕ್ಕೂ ಇಷ್ಟವಿಲ್ಲ," ಎಂದಳು ಅವಳು. ಒಂದು ಸ್ವರವೂ ತಪ್ಪಲಿಲ್ಲ.

ಒಡತಿ ಲೋಟವನ್ನು ಮೆಲ್ಲನೆ ಕೆಳಗಿಟ್ಟು ಹೊರಟರು.

ಆ ರಾತ್ರಿ ಅವಳಿಗೆ ಊಟ ಸೇರಲಿಲ್ಲ. "ಏನೇ, ತಟ್ಟೆಯಲ್ಲೂ ಅಕ್ಷರ ತಿದ್ದುತ್ತಿದ್ದೀಯಾ?" ಎಂದು ಅತ್ತಿಗೆ ನಕ್ಕಳು. ದೇವರ ಮುಂದೆ ಕೈಮುಗಿದರೆ ದಿನವೂ ಹೇಳುವ ಪದ್ಯ ಅರ್ಧಕ್ಕೇ ನಿಂತಿತು. ಯಾವ ಬಾಯಿಂದ ಹೇಳಲಿ? ಇದೇ ಬಾಯಿ ತಾನೇ...

ಮರುದಿನದ ಪಾಠದಲ್ಲಿ ಅವನು ಪುಸ್ತಕ ತೆರೆಯಲೇ ಇಲ್ಲ.

"ನನ್ನ ಸ್ವರಾನೇ ತಪ್ಪಿತ್ತು ಅನ್ಸುತ್ತೆ," ಎಂದ ಮೆಲ್ಲಗೆ. "ಏನೋ ಹೇಳೋಕೆ ಹೋಗಿ ಏನೋ ಹೇಳ್ಬಿಟ್ಟೆ. ಅವರಿಗೆ ಬೇಜಾರಾಯ್ತು. ನೀವಾದ್ರೂ ಎಷ್ಟು ಅಂತ ಕಲಿಸ್ತೀರಿ, ನನ್ನ ನಾಲಿಗೇನೇ ಸರಿ ಇಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಅವನು ತನ್ನನ್ನೇ ಬೈದುಕೊಂಡದ್ದು ಅವಳ ಎದೆ ಇರಿಯಿತು.

ಅಷ್ಟರಲ್ಲಿ ಟೀಚರಮ್ಮ ಅಂದಿನ ನಾಲ್ಕಕ್ಷರದ ನುಡಿಗಟ್ಟನ್ನು ಹಲಗೆಯ ಮೇಲೆ ಬರೆದರು. "ಇದರ ಹಿಂದೊಂದು ಕಥೆ ಇದೆ. ಒಬ್ಬ ಕಳ್ಳ ಗಂಟೆ ಕದಿಯೋಕೆ ಹೋದ. ಅದು ಢಣ್ ಅಂತು. ಯಾರಿಗೂ ಕೇಳಬಾರದು ಅಂತ ಏನು ಮಾಡಿದ ಗೊತ್ತಾ? ತನ್ನ ಕಿವೀನೇ ಮುಚ್ಕೊಂಡ!"

ತರಗತಿಯೆಲ್ಲ ನಕ್ಕಿತು. ಅವಳು ಎದ್ದು ಹೊರಗೆ ಓಡಿದಳು.

ಮೆಟ್ಟಿಲ ತಿರುವಿನಲ್ಲಿ ನಿಂತು, ಒಡತಿ ಇಳಿದುಕೊಂಡಿದ್ದ ಹೋಟೆಲಿಗೆ ಫೋನ್ ಮಾಡಿದಳು. ಚೀನೀಯಲ್ಲಿ, ತಡವರಿಸುತ್ತ, ಅಳುತ್ತ ಎಲ್ಲವನ್ನೂ ಹೇಳಿದಳು. ಆ ಕಡೆಯಿಂದ ಬಂದದ್ದು ಒಂದೇ ಮಾತು. "ಅವನನ್ನೇ ಕಳಿಸು."

ಫೋನ್ ಇಟ್ಟು ತಿರುಗಿದರೆ ಅವನು!

"ಏನಾಯ್ತು? ಯಾಕೆ ಅಳ್ತಿದ್ದೀರಿ?"

"ನಿಮ್ಮ ಸ್ವರ ತಪ್ಪಿರಲಿಲ್ಲ..." ಎಂದಳು ಅವಳು. "ನಿಜವಾಗ್ಲೂ ಬೇಡ್ವಾ ಅಂತ ಅವರು ನನ್ನ ಕೇಳಿದ್ರು. ಹೌದು, ಅವರಿಗೆ ಇಷ್ಟ ಇಲ್ಲ ಅಂದೆ ನಾನು. ಬೇಕಂತಲೇ ಅಂದೆ! ನೀವು ಹೋಗಿಬಿಟ್ರೆ ನಾನು... ನನಗೆ ನೀವಂದ್ರೆ ಅಷ್ಟು ಇಷ್ಟ. ಆ ಇಷ್ಟಾನೇ ನಿಮಗೆ ಕುತ್ತು ತಂತು."

ಅವನು ಗೋಡೆಗೆ ಒರಗಿದ. ಮುಖದ ಬಣ್ಣವೇ ಇಳಿದುಹೋಗಿತ್ತು.

"ಈಗ ನಿಜ ಹೇಳಿದ್ದೀನಿ. ನಿಮಗಾಗಿ ಕಾಯ್ತಿದ್ದಾರೆ. ಹೋಗಿ, ಬೇಗ."

ಅವನು ಇಳಿದು ಹೋದ. ಒಂದು ಸಲವೂ ತಿರುಗಿ ನೋಡಲಿಲ್ಲ.

ಪಾಠ ಮುಗಿಯಿತು, ಎಲ್ಲರೂ ಹೋದರು. ಅವಳು ಮೆಟ್ಟಿಲ ಮೇಲೆಯೇ ಕೂತಿದ್ದಳು. ಕೊನೆಗೆ ಅದೇ ಹೆಜ್ಜೆಯ ಸದ್ದು ಹತ್ತಿ ಬಂತು.

"ಬರೋಕೆ ಹೇಳಿದ್ರು. ಮುಂದಿನ ತಿಂಗಳೇ."

"ದೇವರು ದೊಡ್ಡವನು..." ಅವಳು ಕಣ್ಣೊರೆಸಿಕೊಂಡಳು.

"ನನಗೆ ಕೋಪ ಇದೆ," ಎಂದ ಅವನು, ಒಂದು ಮೆಟ್ಟಿಲು ಕೆಳಗೆ ಕೂರುತ್ತ. "ಸುಳ್ಳು ಹೇಳಿದ್ದಕ್ಕಿಂತ, ನನ್ನ ಒಂದು ಮಾತು ಕೇಳಲೇ ಇಲ್ವಲ್ಲ ಅಂತ. ಹೋಗಿ ವಾಪಸ್ ನಿನ್ನ ಹತ್ರಾನೇ ಬರ್ತಿದ್ದೆ. ಅದನ್ನ ನನ್ನ ಬಾಯಿಂದ ಕೇಳಬಹುದಿತ್ತು."

'ನಿನ್ನ' ಎಂದಿದ್ದ! ಅವಳು ಇನ್ನಷ್ಟು ಕುಗ್ಗಿದಳು.

"ಅಷ್ಟು ಒಳ್ಳೇತನ ತೋರಿಸಬೇಡಿ, ತಡೆಯೋಕಾಗಲ್ಲ. ಒಂದೇ ಒಂದು ಕೇಳ್ಕೋತೀನಿ... ನೀವು ಹೊರಡೋ ತನಕ ನನ್ನ ಪಕ್ಕ ಕೂರಬೇಡಿ. ಸ್ವರ ತಿದ್ದೋಕೆ ಬೇರೆ ಯಾರನ್ನಾದ್ರೂ ಕೇಳಿ. ನಿಮ್ಮ ಮುಖ ನೋಡೋ ಯೋಗ್ಯತೆ ನನಗಿಲ್ಲ. ಇಷ್ಟು ನಡೆಸಿಕೊಡ್ತೀರಾ?"

ಅವನು ತಲೆಯೆತ್ತಿ ನೇರವಾಗಿ ಅವಳನ್ನೇ ನೋಡಿದ.

"ಇಲ್ಲ," ಎಂದ. "ನಡೆಸಿಕೊಡಲ್ಲ."