ರೇಸ್ ತಿರುವಿನ ಬಿಳಿ ಪಟ್ಟಿ

ಆ ಗೋಡೆಗೆ ಪೇಂಟ್ ಬಳಿದವನ ಸೊಂಟ ಮುರಿಯಬೇಕು ಎಂದುಕೊಂಡೇ ನಾನು ಜೀಪಿನಿಂದ ಇಳಿದೆ. ಬಳಿದವನು ಶ್ರೀವತ್ಸ ಎಂದು ಗೊತ್ತಾದ ಮೇಲೂ ಆ ಆಸೆ ಕಡಿಮೆಯಾಗಲಿಲ್ಲ. ಹೆಚ್ಚಾಯಿತು.

ಅವನು ಅಲ್ಲೇ ಇದ್ದ. ತಿರುವಿನ ಅಂಚಿನಲ್ಲಿ ಪೇಂಟಿನ ಖಾಲಿ ಡಬ್ಬದ ಮೇಲೆ, ಮೊಣಕೈವರೆಗೂ ಬಿಳಿ ಬಣ್ಣ ಮೆತ್ತಿಕೊಂಡು ಕೂತಿದ್ದ. ಅವನ ಹಿಂದೆ ನಮ್ಮ ಹಳೆಯ ಕಲ್ಲುಗೋಡೆ ಕಪ್ಪು ಬಿಳಿ ಪಟ್ಟೆ ಹೊಡೆಸಿಕೊಂಡು, ಯಾವುದೋ ಬೈಪಾಸಿನ ಮೋರಿಕಟ್ಟೆಯ ಹಾಗೆ ನಿಂತಿತ್ತು. ನನ್ನನ್ನು ಕಂಡು ಎದ್ದವನು ನಗಲು ನೋಡಿದ. ಆ ನಗು ನನಗೆ ಇಷ್ಟ ಎಂದು ಅವನಿಗೆ ಗೊತ್ತು. ಅದಕ್ಕೇ ಇನ್ನಷ್ಟು ಉರಿಯಿತು.

"ಯಾರನ್ನ ಕೇಳಿ ಬಳದ್ರಿ ಇದನ್ನ?" ಎಂದೆ.

"ಚೈತನ್ಯಾ ಗಾರು, ಮೊದಲು ಒಂದು ಮಾತು ಕೇಳಿ..."

"ಗಾರು ಗೀರು ಬ್ಯಾಡ. ಗುರುತು ಎಲ್ಲೈತಿ?"

ಅವನು ತಲೆ ತಗ್ಗಿಸಿದ. ಗುರುತು ಪೇಂಟಿನ ಕೆಳಗಿತ್ತು.

ಆ ಗುರುತಿಗಾಗಿ ನಾನು ಆರು ತಿಂಗಳಿನಿಂದ ಎಲ್ಲರ ಕೈಲಿ ನಗಿಸಿಕೊಂಡಿದ್ದೆ. ಹುಬ್ಬಳ್ಳಿಯಿಂದ ಬ್ಯಾಂಕಿನವರು ವಿಶಾಖಪಟ್ಟಣಕ್ಕೆ ವರ್ಗ ಮಾಡಿದಾಗ, ಭಾನುವಾರಗಳನ್ನು ಕಳೆಯುವುದು ಹೇಗೆಂದು ತಿಳಿಯದೆ ದುರ್ಗಾಪ್ರಸಾದ್ ಎಂಬ ನಿವೃತ್ತ ಮೇಷ್ಟರ ಗುಂಪು ಸೇರಿದ್ದೆ. ಹಳೆಯ ರಸ್ತೆ, ಮೈಲಿಗಲ್ಲು, ಪಾಳುಬಿದ್ದ ಎಸ್ಟೇಟುಗಳ ಬಂಗಲೆ ಹುಡುಕಿಕೊಂಡು ಅಲೆಯುವ ಗುಂಪು ಅದು. ಸಿಂಹಾಚಲಂ ಬೆಟ್ಟಸಾಲಿನ ಹಿಂಬದಿಯಲ್ಲಿ ಗೋಡಂಬಿ ತೋಟದ ಎಸ್ಟೇಟೊಂದಿದೆ. ಬ್ರಿಟಿಷರ ಕಾಲದಲ್ಲಿ, ಮೋಟಾರು ಎಂದರೆ ಜನ ಓಡಿಬಂದು ನೋಡುತ್ತಿದ್ದ ದಿನಗಳಲ್ಲಿ, ಅದರ ಜಮೀನ್ದಾರ ತನ್ನ ಬಂಗಲೆಯವರೆಗೆ ಕಾರುಗಳ ರೇಸ್ ನಡೆಸಿದ್ದನಂತೆ. ಕೊನೆಯ ತಿರುವನ್ನು ಊರಿನವರು ಈಗಲೂ ರೇಸ್ ತಿರುವು ಎನ್ನುತ್ತಾರೆ. ಅದರ ತಡೆಗೋಡೆಯಲ್ಲಿ, ಮೊಣಕಾಲಿನ ಎತ್ತರಕ್ಕೆ, ಒಂದು ಮೊಳ ಉದ್ದದ ಆಳವಾದ ಗೀರನ್ನು ನಾನೇ ಕಂಡುಹಿಡಿದೆ. ಕಲ್ಲಿನ ಸಂದಿಯಲ್ಲಿ ಕೆಂಪು ಬಣ್ಣ ಇನ್ನೂ ಕಚ್ಚಿಕೊಂಡಿತ್ತು.

ಎತ್ತಿನ ಗಾಡಿ ಉಜ್ಜಿರಬೇಕು ಎಂದರು ಗುಂಪಿನವರು. ಎತ್ತಿನ ಗಾಡಿಗೆ ಯಾರಪ್ಪ ಕೆಂಪು ಪೇಂಟ್ ಹೊಡೆಸಿದ್ದ ಎಂದು ನಾನು ಕೇಳಿದೆ. ಎಲ್ಲರೂ ನಕ್ಕರು, ಯಾರೂ ಒಪ್ಪಲಿಲ್ಲ. ಶ್ರೀವತ್ಸನಾದರೂ ನನ್ನ ಪರ ನಿಲ್ಲುತ್ತಾನೆಂದು ಅವನ ಮುಖ ನೋಡಿದೆ. ಅವನು ಎಲ್ಲರೆದುರು, "ಒಂದೇ ಗೀರು ಸಾಕ್ಷಿಗೆ ಸಾಲದು" ಎಂದುಬಿಟ್ಟ.

ಅವತ್ತಿನಿಂದ ಅವನ ಫೋನ್ ಎತ್ತಿರಲಿಲ್ಲ.

ಶ್ರೀವತ್ಸ ಹುಟ್ಟಿ ಬೆಳೆದದ್ದು ವಿಜಯವಾಡದಲ್ಲಿ. ಬಳ್ಳಾರಿಯಿಂದ ವರ್ಗವಾಗಿ ಬಂದ ಅವನ ಅಪ್ಪ ಬೆಂಜ್ ಸರ್ಕಲ್ ಹತ್ತಿರ ಮನೆ ಮಾಡಿ ಅಲ್ಲೇ ನಿಂತರು. ಅವನ ಕನ್ನಡ ಅಮ್ಮನ ಜೊತೆಗೆ ಮಾತ್ರ ಆಡಿ ಉಳಿಸಿಕೊಂಡ ಕನ್ನಡ. ನಾಲ್ಕು ಮಾತಿಗೊಂದು ತೆಲುಗು ನುಸುಳುತ್ತದೆ. ಈಗ ವಿಶಾಖಪಟ್ಟಣದಲ್ಲಿ ರಸ್ತೆ ಕೆಲಸದ ಕಂಪನಿಯೊಂದರ ಎಂಜಿನಿಯರ್. ಗುಂಪಿನಲ್ಲಿ ಮೊದಲ ಸಲ ಕಂಡಾಗ ಎಲ್ಲರೊಡನೆ ಜೋರು ತೆಲುಗಿನಲ್ಲಿ ಮಾತಾಡುತ್ತಿದ್ದವನು, ಬಂಡೆಯ ಮೇಲೆ ಜಾರಿ ಬಿದ್ದಾಗ ಮಾತ್ರ ಅಚ್ಚ ಕನ್ನಡದಲ್ಲಿ "ಅಯ್ಯೋ ಅಮ್ಮಾ, ಸತ್ತೆ" ಎಂದ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವನು ಬಿದ್ದಲ್ಲಿಂದಲೇ ನನ್ನನ್ನು ನೋಡಿದ, ನೋವು ಮರೆತು ನೋಡುತ್ತಲೇ ಇದ್ದ. ಆಮೇಲಿನ ಭಾನುವಾರಗಳಲ್ಲಿ ನನ್ನ ನೀರಿನ ಬಾಟಲಿ ಅವನ ಚೀಲದಲ್ಲೂ, ಅವನ ಟೋಪಿ ನನ್ನ ತಲೆಯ ಮೇಲೂ ಇರತೊಡಗಿದವು. ಇಬ್ಬರೂ ಏನನ್ನೂ ಬಾಯಿಬಿಟ್ಟು ಹೇಳಲಿಲ್ಲ.

ಅಂಥವನು ಎಲ್ಲರೆದುರು ಕೈಕೊಟ್ಟ. ರೋಷದಲ್ಲಿ ಹುಬ್ಬಳ್ಳಿಗೆ ವರ್ಗ ಕೇಳಿ ಅರ್ಜಿ ಹಾಕಿದೆ. ಅದೇ ರೋಷದಲ್ಲಿ ಎರಡನೆಯ ಸಾಕ್ಷಿ ಹುಡುಕಲು ಹೊರಟೆ, ಸಿಕ್ಕಿತು ಕೂಡ. ವಿಜಯವಾಡದ ಒನ್ ಟೌನಿನಲ್ಲಿ, ಮೆಣಸಿನಕಾಯಿ ಮಂಡಿಗಳ ಹಿಂದಿನ ಸಣ್ಣ ಮನೆಯಲ್ಲಿ ಸೂರ್ಯಕಾಂತಮ್ಮ ಸಿಕ್ಕರು. ಎಂಬತ್ತು ದಾಟಿದ ಮುದುಕಿ, ಎರಡೂ ಕಣ್ಣಿಗೆ ಪೊರೆ. ಅವರಪ್ಪ ವೆಂಕಟರಮಣ ಆ ರೇಸಿನಲ್ಲಿ ಕಾರು ಓಡಿಸಿದ್ದರು. ಓಡಿದವುಗಳಲ್ಲಿ ಕೆಂಪು ಕಾರು ಅದೊಂದೇ. ವೆಂಕಟರಮಣ ಹೆದರಿ ಅರ್ಧದಾರಿಯಲ್ಲೇ ಕಾರು ಬಿಟ್ಟು ಇಳಿದು ಓಡಿದ ಎಂದು ಜಮೀನ್ದಾರನ ಕಡೆಯವರು ಸಾರಿದರು. ಅವನ ಬಳಿಯಿದ್ದ ಡ್ರೈವರ್ ಕೆಲಸ ಹೋಯಿತು. ಕೊನೆಯ ತಿರುವು ಮುಟ್ಟಿದ್ದೆ, ಗೋಡೆಗೆ ತಾಗಿ ಚಕ್ರ ಕಿತ್ತುಹೋಯಿತು ಎಂದು ವೆಂಕಟರಮಣ ಸಾಯುವ ತನಕ ಹೇಳಿದರಂತೆ. ಮನೆಯವರು ಕೂಡ ನಂಬಲಿಲ್ಲ. ಮಗಳಿಗೆ ಗಂಡು ನೋಡುವಾಗಲೂ 'ಹೇಡಿಯ ಮಗಳು' ಎಂಬ ಮಾತು ಬಂತು.

ಆ ಗೀರನ್ನು ಸೂರ್ಯಕಾಂತಮ್ಮನವರಿಗೆ ತೋರಿಸಬೇಕೆಂದೇ ಈ ಭಾನುವಾರ ಬೆಳಗಿನ ರೈಲಿನಲ್ಲಿ ಕರೆತಂದಿದ್ದೆ. ತೋರಿಸಲು ಈಗ ಏನಿತ್ತು? ಹೊಳೆಯುವ ಪೇಂಟ್.

"ಸಾಕ್ಷಿ ಸಾಲದು ಅಂದ್ರಿ. ಇದ್ದದ್ದನ್ನೂ ಅಳಿಸಿ ಕೂತೀರಲ್ಲ. ಹೊಟ್ಟಿ ತಣ್ಣಗಾತೇನು?" ಎಂದೆ.

"ಕೋಪ ಮಾಡ್ಕೊಳ್ಳಿ, ಪರವಾಗಿಲ್ಲ. ಕಾನೀ... ಆದ್ರೆ ಒಂದ್ಸಲ ಕೆಳಗಿನ ತಿರುವಿಗೆ ಹೋಗಿ ನೋಡಿ ಬನ್ನಿ," ಎಂದ.

ಅವನು ಹೇಳಿದ ಎಂದು ಹೋಗಲಿಲ್ಲ, ಅವನೆದುರು ನಿಂತರೆ ಕಲ್ಲು ಎತ್ತಿಕೊಳ್ಳುತ್ತಿದ್ದೆ ಎಂದು ಹೋದೆ. ಜೀಪಿನಲ್ಲಿ ಬರುವಾಗ ಸೂರ್ಯಕಾಂತಮ್ಮನವರಿಗೆ ನನ್ನ ಹರಕು ತೆಲುಗಿನಲ್ಲಿ ಕಥೆ ಹೇಳುತ್ತಾ ಹೊರಗೆ ನೋಡಿರಲೇ ಇಲ್ಲ. ಕೆಳಗಿನ ತಿರುವಿನ ಗೋಡೆ ಇರಲಿಲ್ಲ. ಜಲ್ಲಿಯ ರಾಶಿ, ಅದರ ಪಕ್ಕ ಜೆಸಿಬಿಯ ಚಕ್ರದ ಅಚ್ಚು. ಅದರ ಕೆಳಗಿನ ತಿರುವಿನದೂ ಇರಲಿಲ್ಲ. ಆ ಕಲ್ಲಿನ ರಾಶಿಯ ಮುಂದೆ ನಿಂತು ನನಗೆ ಅಳು ಬಂತು.

ವಾಪಸು ಬಂದಾಗ ಅವನು ವಿವರಿಸಿದ. ಹೊಸ ಲೇಔಟಿಗಾಗಿ ರಸ್ತೆ ಅಗಲ ಮಾಡುತ್ತಿದ್ದಾರೆ. ಒಡೆಯುವವರ ಕೈಯಲ್ಲಿ ನಕ್ಷೆ ಗಿಕ್ಷೆ ಏನೂ ಇರುವುದಿಲ್ಲ, ಅವರು ಪೇಂಟ್ ನೋಡಿ ಕೆಲಸ ಮಾಡುತ್ತಾರೆ. ಬಣ್ಣವಿಲ್ಲದ ಗೋಡೆ ಎಂದರೆ ಅನಾಥ, ಒಡೆಯಬಹುದು. ಹೊಸ ಕಪ್ಪು ಬಿಳಿ ಪಟ್ಟೆ ಇದ್ದರೆ ಇಲಾಖೆಯದು. ಬರಹದಲ್ಲಿ ಅಪ್ಪಣೆ ಬರದೆ ಯಾವ ಡ್ರೈವರೂ ಮುಟ್ಟುವುದಿಲ್ಲ. ಶುಕ್ರವಾರ ಸಂಜೆ ಇವನಿಗೆ ಸುದ್ದಿ ತಿಳಿದಿದೆ. ನನಗೆ ಫೋನ್ ಮಾಡಿದ್ದಾನೆ, ಮಾಡಿದ್ದಾನೆ, ಮಾಡುತ್ತಲೇ ಇದ್ದಾನೆ. ನಾನು ಒನ್ ಟೌನಿನಲ್ಲಿ ಕೂತು ಒಂದೊಂದಾಗಿ ಕಟ್ ಮಾಡಿದ್ದೆ. ಶನಿವಾರ ಮಧ್ಯಾಹ್ನ ಜೆಸಿಬಿ ಇಲ್ಲಿಯವರೆಗೆ ಬಂದು, ಹಸಿ ಪೇಂಟ್ ನೋಡಿ, ತಿರುಗಿ ಹೋಯಿತಂತೆ.

ಸರಿಯಾದ ಕೆಲಸ ಮಾಡಿದವನ ಮೇಲೆ ಬರುವಷ್ಟು ಸಿಟ್ಟು ತಪ್ಪು ಮಾಡಿದವನ ಮೇಲೂ ಬರುವುದಿಲ್ಲ.

"ಸುಣ್ಣ ಹಚ್ಚಿದ್ರ ಆಗ್ತಿದ್ದಿಲ್ಲೇನು? ತೊಳದ್ರ ಹೋಗ್ತಿತ್ತು," ಎಂದೆ, ಸೋಲು ಒಪ್ಪಲಾರದೆ.

"ಸುಣ್ಣದ ಗೋಡೆ ಅಂದ್ರೆ ಅವರಿಗೆ ಹಳೇ ಗೋಡೆ. ಒಡೆದೇ ಬಿಡ್ತಾರೆ."

"ಗೀರಿನ ಜಾಗಾ ಅಷ್ಟು ಬಿಡಬೇಕಿತ್ತು."

"ಬಿಟ್ಟಿದ್ರೆ ಗೋಡೆ ಬಿರುಕು ಬಿಟ್ಟಿದೆ ಅಂದ್ಕೊಂಡು ಅದನ್ನೇ ಮೊದಲು ಒಡೀತಿದ್ರು."

 ಅಷ್ಟು ಹೊತ್ತು ನಾವು ಜಗಳವಾಡುತ್ತಿದ್ದಾಗ ಸೂರ್ಯಕಾಂತಮ್ಮ ಯಾರನ್ನೂ ಕೇಳದೆ ಜೀಪಿನಿಂದ ಇಳಿದಿದ್ದರು. ಗೋಡೆಯ ಮೇಲೆ ಅಂಗೈ ಇಟ್ಟು ಸವರುತ್ತಾ ಹೊರಟಿದ್ದರು. ಪೊರೆ ಬಂದ ಕಣ್ಣಿಗೆ ಪೇಂಟ್ ಇದ್ದರೆಷ್ಟು, ಬಿಟ್ಟರೆಷ್ಟು. ತಿರುವಿನ ನಡುವೆ ಬಂದಾಗ ಕಷ್ಟಪಟ್ಟು ನೆಲಕ್ಕೆ ಕೂತರು. ಕೈ ಇನ್ನೂ ಕೆಳಗಿಳಿಸಿದರು. ಬೆರಳು ಗೀರಿನೊಳಗೆ ಹೋಯಿತು, ಅಲ್ಲೇ ನಿಂತಿತು.

"ಇಕ್ಕಡಿದಾಕಾ ವಚ್ಚಾಡು ಮಾ ನಾನ್ನ," ಎಂದರು.

ಇಲ್ಲಿಯವರೆಗೂ ಬಂದಿದ್ದರು ಅವರಪ್ಪ. ನಾನು ಪಕ್ಕದಲ್ಲಿ ಕೂತು, ಹೌದು ಎಂದೆ. ಕೆಂಪೇನಾ ಎಂದು ಕೇಳಿದರು. ಕೆಂಪೇ, ನಾನು ಕಣ್ಣಾರೆ ನೋಡಿದ್ದೇನೆ ಎಂದೆ. ನೀನು ನೋಡಿದರೆ ನನಗೇನು ಬಂತು ಎಂದು ಗದರಿದರು ಮುದುಕಿ. ಈ ವಯಸ್ಸಿನಲ್ಲಿ ನೋಡಲು ಏನು ಉಳಿದಿದೆ ಎಂದು ಕಣ್ಣಿನ ಆಪರೇಷನ್ ಬೇಡವೆಂದಿದ್ದರಂತೆ. ಈಗ ಮಾಡಿಸಿಕೊಳ್ಳುತ್ತೇನೆ, ಅಷ್ಟರಲ್ಲಿ ಈ ಪೇಂಟ್ ತೆಗೆದಿರಬೇಕು ಎಂದು ಇಬ್ಬರಿಗೂ ಒಟ್ಟಿಗೆ ಅಪ್ಪಣೆ ಕೊಟ್ಟರು. ನನ್ನನ್ನೂ ಯಾಕೆ ಸೇರಿಸಿದರೋ, ಬಳಿದವನು ಅವನು.

ಅವರನ್ನು ಜೀಪಿನಲ್ಲಿ ಕೂರಿಸಿ ಮಜ್ಜಿಗೆ ಕೊಟ್ಟು ಬಂದಾಗ ಮೊದಲ ಬಾರಿ ಗೋಡೆಯನ್ನು ಸರಿಯಾಗಿ ನೋಡಿದೆ. ಪಟ್ಟೆಗಳೆಲ್ಲ ಒಂದೇ ಅಳತೆ. ಗೀರಿದ್ದ ಜಾಗದ ಬಿಳಿ ಪಟ್ಟಿ ಮಾತ್ರ ಉಳಿದವುಗಳ ಎರಡರಷ್ಟು ಅಗಲ. ಅಷ್ಟಗಲದ ಪಟ್ಟಿಯನ್ನು ಯಾವ ಇಲಾಖೆಯೂ ಬಳಿಯುವುದಿಲ್ಲ.

"ಇದ್ಯಾಕ ಹಿಂಗ?"

"ಕಪ್ಪು ಡಾಂಬರಿಂದು. ಕಲ್ಲಿನೊಳಗೆ ಇಳಿದುಬಿಡುತ್ತೆ, ಮತ್ತೆ ತೆಗೆಯೋಕಾಗಲ್ಲ. ನಿಮ್ಮ ಗೀರಿನ ಮೇಲೆ ಬೀಳಬಾರದು ಅಂತ." ಅವನು ನನ್ನ ಮುಖ ನೋಡದೆ ಮುಂದುವರಿಸಿದ. "ಅವತ್ತು ಸಾಲದು ಅಂದಿದ್ದು ನಂಬದೇ ಅಲ್ಲ. ನೀವು ಪೇಪರಿಗೆ ಕೊಟ್ರೆ ಅವರು ಕೇಳೋ ಪ್ರಶ್ನೆ ಅದು. ಹೊರಗಿನವರು ಕೇಳಿ ನಿಮ್ಮನ್ನ ನೋಡಿ ನಗೋ ಮೊದಲು ನಾನು ಕೇಳೋಣ ಅನ್ಕೊಂಡೆ. ದಡ್ಡತನ."

"ಭಾಳ ದಡ್ಡತನ," ಎಂದೆ.

ಈಗ ಅವನು ತಲೆಯೆತ್ತಿದ. ಹುಬ್ಬಿನ ಮೇಲೂ ಬಿಳಿ ಬಣ್ಣ. ಬಿಸಿಲಿಗೆ ಕಣ್ಣು ಕಿರಿದು ಮಾಡಿ ನೋಡುತ್ತಿದ್ದ, ಬಂಡೆಯ ಮೇಲೆ ಬಿದ್ದ ದಿನ ನೋಡಿದ ಹಾಗೆಯೇ. ನನಗೆ ನಗು ಬಂತು, ನುಂಗಿಕೊಂಡೆ. ಅಷ್ಟು ಸುಲಭಕ್ಕೆ ಬಿಡುವ ಜಾತಿ ನಾನಲ್ಲ.

ತೆಗೆಯಲು ಎಷ್ಟು ದಿನ ಹಿಡಿಯುತ್ತದೆ ಎಂದು ಕೇಳಿದೆ. ಟರ್ಪೆಂಟೈನ್ ಅದ್ದಿದ ಬಟ್ಟೆ, ಬಿದಿರು ಕಡ್ಡಿ, ಅಷ್ಟರಲ್ಲೇ ಮಾಡಬೇಕು, ಜೋರಾಗಿ ಉಜ್ಜಿದರೆ ಒಳಗಿನ ಕೆಂಪೂ ಬಂದುಬಿಡುತ್ತದೆ ಎಂದ. ಕಂಟ್ರಾಕ್ಟರ್ ಕೆಲಸ ಮುಗಿಸಿ ಹೋದ ಮೇಲೆ ಶುರುಮಾಡಿದರೆ ಗೀರಿನ ಜಾಗಕ್ಕೆ ಕೆಲವು ಭಾನುವಾರ ಸಾಕು.

"ಗೀರಿನ ಜಾಗಾ ಅಜ್ಜಿಗೆ. ಉಳಿದ ಗ್ವಾಡಿ ನನಗ. ಪೂರ್ತಿ ತಗೀಬೇಕು," ಎಂದೆ.

"ಪೂರ್ತಿನಾ? ಡಾಂಬರು ಸಹಾ? ಅದಕ್ಕೆ ವರ್ಷಗಟ್ಟಲೆ ಬೇಕು."

"ಗೊತ್ತೈತಿ."

"ನೀವು ನೋಡೋಕಾದ್ರೂ ಎಲ್ಲಿರ್ತೀರಿ? ಹುಬ್ಬಳ್ಳಿಗೆ ಹೋಗ್ತೀರಿ ಕದಾ, ಮೇಷ್ಟ್ರು ಹೇಳಿದ್ರು?" ಅವನ ದನಿ ಸಣ್ಣದಾಯಿತು. "ಮೊನ್ನೆಯಿಂದ ಅಷ್ಟು ಸಲ ಫೋನ್ ಮಾಡಿದ್ದು ಗೋಡೆ ವಿಷಯಕ್ಕೆ. ಅದಕ್ಕೆ ಮುಂಚೆ ಮಾಡಿದ್ದೆಲ್ಲ ನೀವು ಹೋಗಬೇಡಿ ಅಂತ ಹೇಳೋಕೆ. ನೀವಿಲ್ಲದಿದ್ರೆ ನನಗೆ ಈ ಬೆಟ್ಟವೂ ಬೇಡ, ರಸ್ತೆಯೂ ಬೇಡ."

 ಎಷ್ಟು ಭಾನುವಾರ ಕಾದ ಮಾತು, ಟರ್ಪೆಂಟೈನ್ ಡಾಂಬರಿನ ನಡುವೆ ಬಂತು. ಸಂತೋಷಕ್ಕೂ ಸಿಟ್ಟೇ ಮುಂದಾಯಿತು.

"ಅರ್ಜಿ ನಾಳೆ ವಾಪಸ್ ತಗೋತೀನಿ," ಎಂದೆ. "ಖುಷಿ ಪಡಬ್ಯಾಡ್ರಿ. ನೀವು ಗ್ವಾಡಿ ಸರಿಯಾಗಿ ಕೆರೀತೀರೋ ಇಲ್ಲೋ ನೋಡಾಕ ಯಾರಾದ್ರೂ ಬೇಕಲ್ಲ."

"ಕೋಪ ಯಾವಾಗ ಇಳಿಯುತ್ತೆ?"

"ಇಳಿಯೂದಿಲ್ಲ. ನಿಮ್ಮ ಮನಿ ತುಂಬಿದ ಮ್ಯಾಲೂ ಇರತೈತಿ. ಒಪ್ಪಿಗಿ ಇದ್ರ ಈಗ ಹೇಳ್ರಿ, ಇಲ್ಲಾಂದ್ರ ಬ್ಯಾಡ."

ಅವನು ಬೆಂಜ್ ಸರ್ಕಲ್‌ನಲ್ಲಿ ಬೆಳೆದ ನಾಲಿಗೆಯನ್ನು ಕಷ್ಟಪಟ್ಟು ನಮ್ಮೂರಿನ ಕಡೆಗೆ ತಿರುಗಿಸಿ, ಒಂದೊಂದೇ ಅಕ್ಷರ ಹೇಳಿದ: "ಒಪ್ಪಿಗಿ ಐತ್ರೀ."

ಜೀಪಿನಿಂದ ಸೂರ್ಯಕಾಂತಮ್ಮ ರೈಲಿಗೆ ಹೊತ್ತಾಯಿತೆಂದು ಕೂಗಿದರು. ಇಬ್ಬರೂ ಕೇಳಿಸಿಕೊಂಡೆವು, ಇಬ್ಬರೂ ಕದಲಲಿಲ್ಲ.