ಹೊಳೆ ದಾಟಿ ಬಂದ ಸಂಘದ ಜೀಪು

ಕಾರ್ಮಿಕ ಸಂಘದ ಜೀಪು ಎರಡು ಗುಡ್ಡ ಹತ್ತಿ, ಒಂದು ಹೊಳೆ ದಾಟಿ, ಒಂದು ಕಾಲನ್ನು ಉಳಿಸಿ ತರಬೇಕಿತ್ತು. ಕಾಡಿನಾಚೆಯ ಕಲ್ಲುಕ್ವಾರಿಯಲ್ಲಿ ಗೇರಕ್ಕನ ತಮ್ಮನ ಕಾಲಿನ ಮೇಲೆ ಬಂಡೆ ಉರುಳಿತ್ತು. ಮಾಲೀಕನಿಗೆ ಲಾರಿಗಳಿಗೇನು ಬರವಿರಲಿಲ್ಲ. ಆದರೆ ಅವು ಕಲ್ಲು ಹೊರಲು, ಕಲ್ಲೊಡೆದವನನ್ನು ಹೊರಲಲ್ಲ.

ಸ್ಟಿಯರಿಂಗ್ ಹಿಡಿದವಳು ಗೇರಕ್ಕ. ಪಕ್ಕದಲ್ಲಿ ಅವಳ ಸೋದರಮಾವ, ವೆಲ್ಡರ್. ಹಿಂದಿನ ಸೀಟಿನಲ್ಲಿ ಮದ್ದಿನ ಪೆಟ್ಟಿಗೆ ತಬ್ಬಿಕೊಂಡ ನರ್ಸು. ಇವರ ಬೆನ್ನಿಗೆ ಬಿದ್ದ ಬೇತಾಳವೆಂದರೆ ಜೀಪಿನ ಬ್ಯಾಟರಿ. ರಾತ್ರಿ ನಿಲ್ಲಿಸಿದರೆ ಬೆಳಗ್ಗೆ ಹೆಣ.

ಮೊದಲ ರಾತ್ರಿ ಮರ ಕಡಿಯುವವರ ಬಿಡಾರದಲ್ಲಿ ತಂಗಿದ್ದರು. ಬೆಳಗ್ಗೆ ಕೀಲಿ ತಿರುಗಿಸಿದರೆ 'ಟಿಕ್' ಎಂದಿತು, ಅಷ್ಟೇ. ಬಿಡಾರದವರು ಬಾಯಿಗಿಟ್ಟ ತುತ್ತು ಬಿಟ್ಟು ಬಂದು ತಳ್ಳಿದರು. ಇಂಜಿನ್ ಗುಡುಗಿದಾಗ ಏದುಸಿರಿನ ಅಜ್ಜಿಯೊಬ್ಬಳು ಕಿಟಕಿಗೆ ಬಾಯಿಟ್ಟು ಹೇಳಿದಳು: "ಬರೋವಾಗ ಇಲ್ಲಿ ನಿಲ್ಲಿಸಬೇಡವ್ವ, ಆಸ್ಪತ್ರೆಗೆ ಹೊತ್ತಾಗುತ್ತೆ. ಕಾಲು ಉಳೀತಾ ಇಲ್ವಾ ಅಂತ ಕೂಗಿ ಹೇಳ್ಕೊಂಡು ಹೋಗು, ಸಾಕು."

ಸಂಜೆಗೆ ಕ್ವಾರಿ ಸೇರಿದರು. ತಗಡಿನ ಶೆಡ್ಡಿನಲ್ಲಿ ತಮ್ಮ ಮಲಗಿದ್ದ. ರಕ್ತ ನಿಲ್ಲಿಸಲು ಯಾರೋ ಬಿಗಿದ ಹಗ್ಗವನ್ನು ನರ್ಸು ಮೆಲ್ಲಗೆ ಸಡಿಲಿಸಿ, ಪಟ್ಟಿ ಕಟ್ಟಿ, ಆ ಕಾಲಿನ ಹೆಬ್ಬೆರಳು ಹಿಂಡಿದಳು.

"ನೋವಾಯ್ತಾ?"

"ಇಲ್ಲ."

ನರ್ಸು ಕಾಲಿಗೆ ಕಂಬಳಿ ಹೊದಿಸಿದಳು. ಹೊರಗೆ ಬಂದು ಗೇರಕ್ಕನಿಗೆ ಹೇಳಿದಳು: "ಆ ಬೆರಳಿಗೆ ನೋವು ತಿಳಿದರೆ ಕಾಲಿಗೆ ಜೀವ ಇದೆ ಅಂತ. ಬೆಳಕು ಹರಿದ ಕೂಡಲೇ ಹೊರಡೋಣ."

ಬೆಳಕು ಹರಿಯಿತು. ಬ್ಯಾಟರಿ ಸತ್ತಿತ್ತು.

"ಆ ಅಂಗಡಿಯವನ ಮನೆ ಹಾಳಾಗ! ಹೊಸದು ಅಂತ ಹಳೇದು ಕೊಟ್ಟಿದ್ದಾನೆ," ಎಂದು ಮಾವ ಹಲ್ಲು ಕಡಿದ.

"ಹಳೇದಾದರೆ ದಾರಿಯುದ್ದ ಚೆನ್ನಾಗಿ ಓಡುತ್ತಲ್ಲ, ನಿಂತಾಗ ಮಾತ್ರ ಯಾಕೆ ಸಾಯುತ್ತೆ?" ನರ್ಸು ಕೇಳಿದಳು. "ನೀವು ಬರೀ ರಕ್ತ ಹಾಕ್ತಾ ಇದ್ದೀರಿ. ಎಲ್ಲೋ ಸೋರ್ತಿದೆ. ಗಾಯ ಹುಡುಕಿ."

ಗೇರಕ್ಕ ನಂಬರ್ ಪ್ಲೇಟಿನ ಪುಟ್ಟ ಬಲ್ಬ್ ಕಿತ್ತಳು. ಕ್ವಾರಿಯವರು ಪಂಪ್‌ಸೆಟ್ಟಿನ ಬ್ಯಾಟರಿ ತಂದು ಜೀಪಿಗೆ ಜೋಡಿಸಿಕೊಟ್ಟರು. ನೆಗೆಟಿವ್ ತಂತಿ ಬಿಚ್ಚಿ, ತಂತಿಗೂ ಬ್ಯಾಟರಿಗೂ ನಡುವೆ ಬಲ್ಬ್ ಸಿಕ್ಕಿಸಿದಳು. ಕೀಲಿ ಅವಳ ಸೊಂಟದಲ್ಲಿತ್ತು. ಜೀಪಿನಲ್ಲಿ ಏನೂ ನಡೆಯುತ್ತಿರಲಿಲ್ಲ. ಆದರೂ ಬಲ್ಬ್ ಉರಿಯಿತು.

"ಕಳ್ಳ ಒಳಗೇ ಇದ್ದಾನೆ," ಎಂದಳು.

ಒಂದೊಂದೇ ಫ್ಯೂಸ್ ಕಿತ್ತಳು. ದೀಪದ್ದು, ಹಾರನ್ನಿನದು, ವೈಪರಿನದು. ಬಲ್ಬ್ ಕಣ್ಣು ಮಿಟುಕಿಸಲಿಲ್ಲ. ಕೊನೆಯ ಫ್ಯೂಸೂ ಕೈಗೆ ಬಂತು. ಬಲ್ಬ್ ಉರಿಯುತ್ತಲೇ ಇತ್ತು. ಅಂದರೆ ಕಳ್ಳ ಫ್ಯೂಸಿನ ಬಾಗಿಲಿಗೆ ಬಂದವನೇ ಅಲ್ಲ.

ಬ್ಯಾಟರಿಯಿಂದಲೇ ಹೊರಟ ತೆಳು ಕೆಂಪು ತಂತಿಯೊಂದು ಅವಳ ಕಣ್ಣಿಗೆ ಬಿತ್ತು. ಬೆರಳಿನಿಂದ ಅದನ್ನೇ ಹಿಂಬಾಲಿಸಿದಳು. ಅದು ಸೀಟಿನ ಕೆಳಗೆ ನುಸುಳಿ, ಸಂಘದ ಹಳೆ ಬಾವುಟದಲ್ಲಿ ಸುತ್ತಿಟ್ಟ ಮೈಕಿನ ಆಂಪ್ಲಿಫೈಯರ್‌ಗೆ ಸೇರಿತ್ತು. ಮುಟ್ಟಿದರೆ ಬೆಚ್ಚಗಿತ್ತು.

ಮಾವನ ಮುಖ ಇಂಗು ತಿಂದ ಮಂಗನದಾಯಿತು.

"ಮುಷ್ಕರದಲ್ಲಿ ಪೊಲೀಸರು ಕೀಲಿ ಕಿತ್ಕೊಂಡರೆ ಭಾಷಣ ನಿಲ್ತಿತ್ತಲ್ಲ. ಕೀಲಿ ಇಲ್ದೆನೂ ಕೂಗ್ಲಿ ಅಂತ ನಾನೇ ಬ್ಯಾಟರಿಯಿಂದ ತಂತಿ ನೇರ ಎಳೆದೆ. ಆಮೇಲೆ..."

"ಆಮೇಲೆ ಆಫ್ ಮಾಡೋದು ಮರೆತೆ. ಅಂಗಡಿಯವನ ಮನೆ ಹಾಳಾಗಬೇಕಿತ್ತು, ಅಲ್ವಾ ಮಾವ?"

ಅವಳು ತಂತಿ ಬಿಚ್ಚಿದಳು. ಬಲ್ಬ್ ಆರಿತು. ಇಂಜಿನ್ ಎಬ್ಬಿಸುವಷ್ಟು ಕಸುವಿಲ್ಲದ ಪಂಪಿನ ಬ್ಯಾಟರಿಯನ್ನು ಹಿಂದಿರುಗಿಸಿ, ಜೀಪಿನದನ್ನೇ ಮತ್ತೆ ಜೋಡಿಸಿ, ತಮ್ಮನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದಾಗ ಕ್ವಾರಿಯವರು ತಳ್ಳಲು ಸಾಲುಗಟ್ಟಿ ನಿಂತಿದ್ದರು. ಕಲ್ಲಿನ ಧೂಳು ಮೆತ್ತಿದ ಆ ಕೈಗಳನ್ನು ಗೇರಕ್ಕ ಕನ್ನಡಿಯಲ್ಲಿ ಕಣ್ತುಂಬ ನೋಡಿಕೊಂಡಳು.

ಹೊಳೆ ಕೆಂಪಾಗಿ ಉಕ್ಕಿತ್ತು. ಎರಡೂ ದಡದ ಮರಗಳು ಸೊಂಟದವರೆಗೆ ನೀರಿನಲ್ಲಿ ನಿಂತು, ಎಲ್ಲಿಂದಲೋ ಬಂದ ದಿಮ್ಮಿಗಳನ್ನು ಹಿಡಿದು ಮತ್ತೆ ಬಿಡುತ್ತಿದ್ದವು. ಕಾಯದೆ ಬೇರೆ ದಾರಿಯಿಲ್ಲ. ಡೀಸೆಲ್ ಊರು ಮುಟ್ಟುವಷ್ಟೇ ಇತ್ತು, ಇಂಜಿನ್ ನಿಲ್ಲಿಸಲೇಬೇಕು. ದಡದಲ್ಲೆಲ್ಲ ಮರಳು. ಇಲ್ಲಿ ಇಬ್ಬರು ತಳ್ಳಿದರೆ ಜೀಪು ಒಂದು ಗೇಣೂ ಸರಿಯದು.

ಅವಳು ಕೀಲಿ ತಿರುಗಿಸಿ ನಿಲ್ಲಿಸಿದಳು.

ಬೆಳಗ್ಗೆ ನೀರು ಇಳಿದಿತ್ತು. ಗೇರಕ್ಕ ಕೀಲಿ ತಿರುಗಿಸಿದಳು.

ಇಂಜಿನ್ ಒಂದೇ ಏಟಿಗೆ ಎದ್ದಿತು.

ನೀರು ಬಾಗಿಲು ತಟ್ಟಿತು. ಚಕ್ರ ಜಾರಿತು. ನಡುಹೊಳೆಯಲ್ಲಿ ಇಂಜಿನ್ ಕೆಮ್ಮಿ ಸುಮ್ಮನಾಯಿತು. ಗೇರಕ್ಕ ಮತ್ತೆ ಕೀಲಿ ತಿರುಗಿಸಿದಳು. ಎದ್ದಿತು. ಮುಂದಿನ ಚಕ್ರ ಆಚೆ ದಡ ಕಚ್ಚಿತು.

ಮರ ಕಡಿಯುವವರ ಬಿಡಾರ ಕಂಡಾಗ ಮಾವ ಕೆಂಪು ತಂತಿಯನ್ನು ತಾನೇ ಜೋಡಿಸಿದ. "ಈ ಒಂದು ಗಳಿಗೆ ಮಾತ್ರ," ಎಂದ. ಕಂಪನಿಗಳಿಗೆ ಧಿಕ್ಕಾರ ಕೂಗಿ ಕೂಗಿ ಒರಟಾಗಿದ್ದ ಮೈಕನ್ನು ಗೇರಕ್ಕ ಬಾಯಿಗೆ ಹಿಡಿದಳು. ಧಿಕ್ಕಾರ ಅವಳಿಗೆ ಬಾಯಿಪಾಠ. ಈಗ ಹೇಳಬೇಕಾದದ್ದು ಯಾವ ಭಾಷಣದಲ್ಲೂ ಇರಲಿಲ್ಲ.

"ತಳ್ಳಿದವರೇ," ಎಂದಳು. "ನಿಮ್ಮ ಕೈ ತಣ್ಣಗಿರಲಿ. ಕಾಲು..."

ಹಿಂದೆ ನರ್ಸು ತಮ್ಮನ ಕಾಲಿನ ಹೆಬ್ಬೆರಳು ಹಿಂಡಿದಳು.

"ಅಮ್ಮಾ! ಬಿಡು ನರ್ಸಕ್ಕ, ನಿನ್ನ ಉಗುರಿಗೆ ಬೆಂಕಿ ಬೀಳ!"

ತಮ್ಮನ ಬೈಗುಳ ಮೈಕಿನೊಳಗೆ ಹೊಕ್ಕು ಕಾಡಿಗೆಲ್ಲ ಕೇಳಿತು. ಬಿಡಾರದ ಅಂಚಿನಲ್ಲಿ ಅಜ್ಜಿ ಎರಡೂ ಕೈ ಮೇಲೆತ್ತಿದಳು. ಗೇರಕ್ಕ ಜೀಪು ನಿಲ್ಲಿಸದೆ ಇಳಿಜಾರು ಇಳಿದಳು.