ಫಿರಂಗಿ ಗೋಡೆಯ ಮೇಲೆ ಎರಡು ಹೆಸರು

ರಾಯದುರ್ಗದ ಜೀನ್ಸ್ ಯೂನಿಟ್ಟಿನಲ್ಲಿ ಮಿಷನ್‌ಗಳು ನಿಂತ ಮೇಲೂ ಭುವನಾಳ ಕಿವಿಯೊಳಗೆ ಅವು ಓಡುತ್ತಲೇ ಇದ್ದವು. ದಿನವಿಡೀ ಪ್ಯಾಂಟುಗಳ ದಾರ ಕತ್ತರಿಸಿ ಬೆರಳು ನೀಲಿಗಟ್ಟಿದ್ದವು. ಬಟ್ಟೆ ರಾಶಿಗೆ ಒರಗುವಷ್ಟರಲ್ಲಿ ನವೀನನ ವಿಡಿಯೋ ಕಾಲ್ ಬಂತು.

ನವೀನ ರೊಳ್ಳ ಎಂಬ ಊರಿನ ಹುಡುಗ. ಅವಳಪ್ಪನ ಇದೇ ಯೂನಿಟ್ಟಿನಲ್ಲಿ ಹೊಲಿಯುತ್ತಿದ್ದವನು ಈಗ ಸರಕು ಹಡಗಿನಲ್ಲಿ ಅಡುಗೆಯವನ ಕೈಕೆಳಗಿದ್ದಾನೆ. ಹಡಗು ನಾರ್ವೆಯಲ್ಲಿ ನಿಂತಿತ್ತು.

"ಯಾಕ ಹಂಗ ನೋಡ್ತಿ?"

"ಮೂಗಿನ ಮ್ಯಾಲೆ ದಾರ ಐತೆ. ತೆಗೀಬ್ಯಾಡ ಕಣೆ, ಚೆಂದಾಗೈತೆ."

ಅವಳು ತೆಗೆಯಲಿಲ್ಲ.

ಅವನು ಫೋನು ತಿರುಗಿಸಿದ. ಎರಡು ಬೆಟ್ಟಗಳ ನಡುವೆ ಒಳನುಗ್ಗಿದ ಕಪ್ಪು ಸಮುದ್ರ. ದಡದ ಮೇಲೆ ಸಿಮೆಂಟಿನ ಗುಂಡಿ, ಅದರಲ್ಲಿ ತುಕ್ಕು ಹಿಡಿದ ಫಿರಂಗಿ.

"ಮಹಾಯುದ್ಧದಾಗೆ ಜರ್ಮನ್ನರು ಕಟ್ಟಿಸಿದ್ದಂತೆ, ಹಡಗು ಹೊಡಿಯಾಕೆ. ಈಗ ಕುರಿ ಮೇಯ್ತಾವೆ."

"ಎಷ್ಟು ಸಿಮೆಂಟು ಸುರದಾರ!"

"ಹೊತ್ತೋರು ಕೈದಿಗಳು. ಯಾವ ದೇಶ ಆದ್ರೂ ಹೊರೋರು ನಮ್ಮಂಥೋರೇ."

ಆಮೇಲೆ ಆ ಗುಂಡಿಯ ಗೋಡೆ ತೋರಿಸಿದ. ಇದ್ದಿಲಿನಲ್ಲಿ, ದಪ್ಪ ಕನ್ನಡದಲ್ಲಿ: ನವೀನ್, ಭುವನಾ. ಫೋನು ಮತ್ತೆ ತನ್ನತ್ತ ತಿರುಗಿಸಿದಾಗ ಅವನ ಕಣ್ಣು ತುಂಟತನದಿಂದ ಕಾಯುತ್ತಿತ್ತು. ಅವಳಿಗೆ ನಗು ಬರಲಿಲ್ಲ.

"ಅಲ್ಲಿ ಯಾರಿಗೆ ಕನ್ನಡ ಬರ್ತೈತಿ?"

"ಯಾರ್ಗೂ ಇಲ್ಲ. ಅದ್ಕೇ ಬರ್ದೆ."

"ಇಲ್ಲಿ ಗುಡ್ಡದ ಕೋಟೆ ಗ್ವಾಡಿ ತುಂಬ ಮಂದಿ ಬರದಾರ. ಬರಿ ಅಂದ್ರ ಅವತ್ತು ಓಡಿ ಇಳದಿ, ನಮ್ಮಪ್ಪ ಓದ್ತಾನಂತ."

ಅವನು ಕೈಗೆ ಹತ್ತಿದ್ದ ಇದ್ದಿಲನ್ನು ಪ್ಯಾಂಟಿಗೆ ಒರೆಸಿದ.

"ಸೋಮವಾರ ನನ್ನ ನೋಡಾಕ ಬರ್ತಾರ. ನನಗ ಸಾಕಾಗೈತಿ ನವೀನ. ಓದೋರ ಮುಂದ ಹೇಳು. ಇಲ್ಲಾ ಅದನ್ನೂ ಅಳಿಸು."

"ನಿಮ್ ಯೂನಿಟ್ಟಾಗೆ ನನ್ ಚಾ ಲೋಟ ಬ್ಯಾರೆ ಇತ್ತಲ್ಲೇ!" ಅವನ ದನಿ ಸಿಡಿಯಿತು. "ಏನಂತ ಹೇಳ್ಲಿ?"

"ಗೊತ್ತೈತಿ. ಅದನ್ನ ದಿನಾ ತೊಳೀತಿದ್ದಾಕಿ ನಾನು."

ಫೋನಿನಲ್ಲಿ ಗಾಳಿ ಜೋರಾಗಿ ಬೀಸಿತು. ಅವನು ತೋಳಿನಿಂದ ಮುಖ ಒರೆಸಿಕೊಂಡ.

"ಎಲ್ಲವ್ರೆ ನಿಮ್ಮಪ್ಪ?"

"ಶಟರ್ ಎಳ್ಯಾಕ ಹತ್ಯಾನ."

"ಕೊಡು."

ಓಡಬೇಕೆನಿಸಿತು. ನಡೆಯುವಷ್ಟೇ ಶಕ್ತಿ ಉಳಿದಿತ್ತು, ನಡೆದಳು. ಅಪ್ಪ ಮರುಳಸಿದ್ದಪ್ಪ ಶಟರ್ ಮೇಲೆ ಕೈಯಿಟ್ಟೇ ತಿರುಗಿದ.

"ಯಾರದವಾ ಫೋನು?"

"ನವೀನಂದು. ನಾ ಮದುವಿ ಆಗೋ ಹುಡುಗ. ಮಾತಾಡಪಾ."

ಅಪ್ಪ ಕೈ ಚಾಚಲಿಲ್ಲ. ಅವಳು ಕೈ ಇಳಿಸಲಿಲ್ಲ. ಇಷ್ಟು ವರ್ಷ ಅಪ್ಪನನ್ನು 'ಸಾವುಕಾರ್ರೇ' ಎಂದೇ ಕರೆದಿದ್ದ ದನಿ ಗಾಳಿಯ ನಡುವಿಂದ ಒಮ್ಮೆ ಕೆಮ್ಮಿತು.

"ಮಾವಾ," ಎಂದಿತು, "ನಾನು, ನವೀನ."